ಕೆಂಡರಾಯನ ಸಾವು

ನನ್ನ ಕೆಲಸ ಹಲ್ಲು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಕೆಳಗೆ, ಅರ್ಧ ನೆಲದೊಳಗೆ ಹೂತಂತಿರುವ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದೇನೆ. ಮೇಲಿನಿಂದ ರೋಗಿಗಳ ದವಡೆಯ ಅಚ್ಚು ಬರುತ್ತದೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತೇನೆ. ಕಿಟಕಿಯಲ್ಲಿ ಕಾಣುವುದು ಬೀದಿಯಲ್ಲಿ ಓಡಾಡುವವರ ಕಾಲುಗಳು ಮಾತ್ರ. ಈ ಊರಿನಲ್ಲಿ ಎಷ್ಟೋ ಜನರ ಬಾಯಿಯನ್ನು ಬಲ್ಲೆ, ಮುಖ ನೋಡಿಲ್ಲ.

ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಅಕ್ಕ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾಳೆ, ಮನೆಗೆ ಬಂದು ನನ್ನನ್ನು ತಿದ್ದುತ್ತಾಳೆ. ಅವಳ ಕೈಗೆ ಸಿಕ್ಕರೂ ತಿದ್ದಲಾಗದೆ ಉಳಿದದ್ದು ಒಂದೇ, ನನ್ನ ಕಪಾಟು. ಅದರಲ್ಲಿ 'ಏಳನೇ ಕಕ್ಷೆ' ಎಂಬ ಟಿವಿ ಧಾರಾವಾಹಿಯ ಖಳರ ಬೊಂಬೆಗಳಿದ್ದವು. ನನಗೆ ಒಂಬತ್ತು ವರ್ಷವಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದ ಧಾರಾವಾಹಿ ಅದು. ಆಕಾಶನೌಕೆಯ ನಾಯಕ ಪ್ರತಿವಾರ ಹೊಸ ಗ್ರಹಕ್ಕೆ ಹೋಗುತ್ತಿದ್ದ, ಅಲ್ಲಿ ಹೊಸ ಖಳನೊಬ್ಬ ಎದುರಾಗಿ ಅರ್ಧ ಗಂಟೆಯಲ್ಲಿ ಸಾಯುತ್ತಿದ್ದ. ನಾಯಕನ ಬೊಂಬೆ ಸಾವಿರಗಟ್ಟಲೆ ಸಿಗುತ್ತದೆ. ಖಳರು ಒಂದು ವಾರಕ್ಕೆ ಬಂದು ಹೋದವರು, ಅವರ ಬೊಂಬೆಗಳನ್ನು ಮಾಡಿದ್ದೇ ಕಡಿಮೆ. ನಮ್ಮ ಬೀದಿಯ ಹುಡುಗರೆಲ್ಲ ನಾಯಕನಾಗಲು ಕಿತ್ತಾಡುವಾಗ ನಾನು ತೆಪ್ಪಗೆ ಖಳನಾಗುತ್ತಿದ್ದೆ. ಆ ರೂಢಿಯೇ ದೊಡ್ಡವನಾದ ಮೇಲೆ ಹುಚ್ಚಾಯಿತು ಅನ್ನಬೇಕು.

"ಒಬ್ಬ ಹೆಂಡ್ತಿ ತರೋ ಅಂದ್ರೆ ಇಪ್ಪತ್ತೇಳು ರಾಕ್ಷಸರನ್ನ ತಂದು ಕೂರಿಸಿದ್ದಾನೆ" ಎಂದು ಅಕ್ಕ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಆದರೆ ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದವಳೂ ಅವಳೇ.

ಆ ಇಪ್ಪತ್ತೇಳರಲ್ಲಿ ಒಂದು ಬೊಂಬೆಯನ್ನು ಅವಳಿಗೂ ಮುಟ್ಟಗೊಡುತ್ತಿರಲಿಲ್ಲ. ಅದು ಕೆಂಡರಾಯ. ಅಂಗೈಯಷ್ಟುದ್ದ, ಕಪ್ಪು ಮೈ, ಮೈತುಂಬ ಬಿರುಕು, ಬಿರುಕಿನೊಳಗೆ ಕೆಂಪು. ಅದು ಅಂಗಡಿಗೆ ಬಂದ ಎರಡೇ ವಾರಕ್ಕೆ ತಯಾರಕರು ವಾಪಸ್ಸು ತರಿಸಿಕೊಂಡಿದ್ದರು. ಅಚ್ಚು ಒಡೆಯಿತಂತೆ ಎಂದು ಸಂಗ್ರಹಕಾರರ ನಡುವೆ ಮಾತಿತ್ತು. ಅದಕ್ಕಾಗಿ ನಾನು ನನ್ನ ಹನ್ನೊಂದು ಬೊಂಬೆಗಳನ್ನು ಬದಲಿಗೆ ಕೊಟ್ಟಿದ್ದೆ. ಕೊಟ್ಟದ್ದರ ಬಗ್ಗೆ ಒಂದು ದಿನವೂ ಹಳಹಳಿಸಲಿಲ್ಲ. ಏಕೆಂದರೆ ಏಳನೇ ಕಕ್ಷೆಯನ್ನು ನೋಡಿದವರೆಲ್ಲ ಒಪ್ಪುವ ಮಾತೊಂದಿದೆ: ಕೆಂಡರಾಯನ ಹಾಗೆ ಇನ್ನಾವ ಖಳನೂ ಸಾಯಲಿಲ್ಲ. ಗುಂಡು ತಿಂದ ಕೂಡಲೇ ಉಳಿದವರು ಕೈಕಾಲು ಬಡಿದು ಬೀಳುತ್ತಿದ್ದರು. ಕೆಂಡರಾಯ ಹಾಗಲ್ಲ. ಮೊಣಕಾಲೂರುತ್ತಾನೆ, ತೂಗಾಡುತ್ತಾನೆ, ಏನನ್ನೋ ನೆನಪಿಸಿಕೊಂಡವನಂತೆ ನಿಧಾನವಾಗಿ ಪಕ್ಕಕ್ಕೆ ವಾಲುತ್ತಾನೆ. ಒಂಬತ್ತರ ವಯಸ್ಸಿನಲ್ಲಿ ನಾನು ಮಹಡಿ ಮೆಟ್ಟಿಲ ಮೇಲೆ ಎಷ್ಟು ಸಲ ಹಾಗೆ ಸತ್ತೆನೋ ಲೆಕ್ಕವಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ವೈದ್ಯರು ಒಂದು ಅಚ್ಚನ್ನು ಕೈಯಲ್ಲೇ ಹಿಡಿದು ಕೆಳಗಿಳಿದು ಬಂದರು. ಮೇಲ್ದವಡೆಯ ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಎಲುಬೇ ಒಳಕ್ಕೆ ತಗ್ಗಿತ್ತು.

"ಇದು ನಿನ್ನ ಪೈಕಿ ಕಣಯ್ಯಾ" ಎಂದರು. "ಹಲ್ಲು ಹೇಗೆ ಹೋಯ್ತು ಅಂದ್ರೆ, ರಾಕ್ಷಸನ ಮುಖವಾಡ ಹಾಕ್ಕೊಂಡು ಬಿದ್ದೆ ಅಂತಾರೆ. ಯಾವುದೋ ಹಳೇ ಧಾರಾವಾಹಿಯಂತೆ."

ನಾನು ಮೇಣ ಮೆತ್ತಿದ ಕೈಯಲ್ಲೇ ಮೆಟ್ಟಿಲು ಹತ್ತಿದೆ. ಕುರ್ಚಿಯಲ್ಲಿ ಎಪ್ಪತ್ತರ ಹತ್ತಿರದ, ಅಗಲ ಭುಜದ ಒಬ್ಬರು ಕೂತಿದ್ದರು. ಒಂದು ಮೊಣಕಾಲನ್ನು ಮಡಿಸಲಾಗದೆ ನೀಡಿಕೊಂಡಿದ್ದರು.

"ಸರ್, ನೀವು ಏಳನೇ ಕಕ್ಷೇಲಿ..."

"ಇದ್ದೆ" ಎಂದರು. "ಯಾರಿಗೂ ಕಾಣಿಸ್ದಂಗೆ ಇದ್ದೆ."

ಇಪ್ಪತ್ತೇಳೂ ಖಳರ ಉಡುಪಿನೊಳಗೆ ಇದ್ದದ್ದು ಅವರೇ ಎಂದು ಆಗ ತಿಳಿದೆ. ಧಾರಾವಾಹಿಯ ಕೊನೆಗೆ ಓಡುವ ಹೆಸರುಗಳಲ್ಲಿ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ. ನಾನು ಅಲ್ಲೇ ನಿಂತು ಒಂದೊಂದೇ ಖಳನ ಹೆಸರು ಹೇಳತೊಡಗಿದೆ. ಅವರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ನಕ್ಕರು, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಹಲ್ಲನ್ನು ನಾನು ಎರಡು ಸಲ ಬಿಚ್ಚಿ ಮತ್ತೆ ಕೂರಿಸಿದೆ. ಅಷ್ಟು ಮುತುವರ್ಜಿಯಿಂದ ಬೇರೆ ಯಾರಿಗೂ ಮಾಡಿಲ್ಲ. ಕೊನೆಯ ದಿನ ಕನ್ನಡಿ ನೋಡಿಕೊಂಡು ಅವರೇ ಹೇಳಿದರು: "ಭಾನುವಾರ ಮನೆಗೆ ಬಾ. ಆ ಬೊಂಬೆಗಳನ್ನೂ ತಾ. ನನ್ನವಳಿಗೆ ತೋರಿಸ್ಬೇಕು."

ಅವರ ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಬೆಳಕು ಬರುವ ಅಡುಗೆಮನೆ, ಕಿಟಕಿಯಲ್ಲಿ ಒಣಗಲು ಹಾಕಿದ ಮೊಣಕಾಲಿನ ಪಟ್ಟಿ. ನಾನು ಆರು ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಒಯ್ದಿದ್ದೆ. ಅವರು ಒಂದೊಂದನ್ನೇ ಮೇಜಿನ ಮೇಲೆ ನಿಲ್ಲಿಸಿ ಪರಿಚಯ ಮಾಡಿಕೊಟ್ಟರು. "ಇವನು ನನ್ನ ಹಲ್ಲು ತಿಂದೋನು. ಇವನು ಮೊಣಕಾಲು. ಇವಳು ಜೇಡರಾಣಿ, ಎಂಟು ಕಾಲಿದ್ರೂ ನಡೆಯೋಕೆ ನನ್ನ ಎರಡೇ ಕಾಲು." ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸಣ್ಣ ಆಕಾರದ, ಚುರುಕು ಕಣ್ಣಿನ ಹೆಂಗಸು. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಂಡು ನಿವೃತ್ತರಾದವರು.

ಉಡುಪಿನ ಬೆನ್ನಿಗೆ ಜಿಪ್ ಇರುತ್ತಿತ್ತು, ಒಳಗಿದ್ದವರಿಗೆ ಅದು ಎಟುಕುತ್ತಿರಲಿಲ್ಲ ಎಂದು ಹೇಳಿದವರು ಆಕೆಯೇ.

"ಒಳಗಿಂದ ಕಿರುಚಿದ್ರೂ ಹೊರಗೆ ಕೇಳಿಸ್ತಿರ್ಲಿಲ್ಲಪ್ಪ. ಅದಕ್ಕೇ ಎಡ ತೊಡೆ ಮೇಲೆ ಮೂರು ಸಲ ತಟ್ಟೋದು ಅಂತ ಇವರು ಗುರುತು ಮಾಡ್ಕೊಂಡಿದ್ರು. ತಟ್ಟಿದ್ರೆ ಏನೇ ಆಗ್ತಿರ್ಲಿ, ಜಿಪ್ ಎಳೀಬೇಕು. ಮನೇಲಿ ಕಂಬಳಿ ಸುತ್ಕೊಂಡು ಅಭ್ಯಾಸ ಮಾಡ್ತಿದ್ರು. ಎಳೆಯೋಳು ನಾನು."

ಗೋಡೆಯ ಮೇಲೆ ಒಬ್ಬ ಯುವಕನ ಫೋಟೋ ಇತ್ತು. ತೋಳು ಮಡಿಸಿ ಸ್ನಾಯು ತೋರಿಸುತ್ತಾ ನಗುತ್ತಿದ್ದ. "ನನ್ನ ತಮ್ಮ" ಎಂದರು. "ಇವರ ಜೊತೇಲೇ ಕೆಲಸಕ್ಕೆ ಹೋಗ್ತಿದ್ದ. ಇಪ್ಪತ್ತೆರಡಕ್ಕೇ ಹೋಗ್ಬಿಟ್ಟ. ಕೂತಲ್ಲೇ ಎದೆ ನಿಂತುಹೋಯ್ತಂತೆ." ನಾನು ಅಯ್ಯೋ ಎಂದೆ. ಅಷ್ಟಕ್ಕೇ ಬಿಟ್ಟೆ.

ಹೊರಡುವಾಗ ಬಾಗಿಲ ಬಳಿ ಕೆಂಡರಾಯನ ಮಾತೆತ್ತಿದೆ. ಮುದುಕರು "ಅದು ನನಗೆ ನೆನಪಿಲ್ಲ" ಎಂದು ಚಪ್ಪಲಿ ಸರಿಸಿಟ್ಟರು. ಅಷ್ಟು ದೊಡ್ಡ ಅಭಿನಯವನ್ನು ಮಾಡಿದವರೇ ಮರೆತಿದ್ದಾರಲ್ಲ ಎಂದು ನನಗೆ ಮರುಕ ಬಂತು. ನೆನಪಿಸಲೇಬೇಕು ಎಂದುಕೊಂಡೆ. ನನ್ನ ಕೆಟ್ಟ ಬುದ್ಧಿಗೆ ಒಳ್ಳೆಯ ಬುದ್ಧಿಯ ವೇಷ ಹಾಕಿದ್ದೆ. ನಿಜವಾಗಿ ನನಗೆ ಬೇಕಿದ್ದದ್ದು ಆ ಬೊಂಬೆಯ ಪೆಟ್ಟಿಗೆಯ ಮೇಲೆ ಅವರ ರುಜು.

ಮುಂದಿನ ಭಾನುವಾರ ಕೆಂಡರಾಯನನ್ನು ಮೊದಲ ಸಲ ಮನೆಯಿಂದ ಹೊರಗೆ ತೆಗೆದುಕೊಂಡು ಹೋದೆ. ಹೆಂಡತಿ ಚಹಾ ತರಲು ಒಳಗೆ ಹೋದಾಗ ಮೇಜಿನ ಮೇಲೆ ಇಟ್ಟೆ. ಮುದುಕರು ಅದನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು.

"ತೆಗಿ ಅದನ್ನ" ಎಂದರು ಮೆಲ್ಲಗೆ.

ಸಂಕೋಚ ಎಂದು ತಿಳಿದೆ. "ಇಲ್ಲ ಸರ್, ನೀವು ಮರೆತಿರಬಹುದು, ನಾವು ಮರೆತಿಲ್ಲ" ಎಂದು ಎದ್ದು ನಿಂತೆ. ಆ ಹೊತ್ತಿಗೆ ಹೆಂಡತಿ ಲೋಟಗಳನ್ನು ಹಿಡಿದು ಬಾಗಿಲಿಗೆ ಬಂದಿದ್ದರು. ನೋಡುವವರು ಹೆಚ್ಚಾದರೆಂದು ನನಗೆ ಇನ್ನಷ್ಟು ಹುರುಪು. ನಲವತ್ತೊಂದು ವರ್ಷದ ನಾನು ಅವರ ನಡುಮನೆಯಲ್ಲಿ ಮೊಣಕಾಲೂರಿದೆ. "ನೋಡಿ ಅಮ್ಮ, ನಾಯಕ ಗುಂಡು ಹೊಡೀತಾನೆ. ಕೆಂಡರಾಯ ಹೀಗೆ ಕೂರ್ತಾನೆ. ಸುತ್ತ ಹೊಗೆ. ಎಡಗೈ ಹೀಗೆ, ಮೂರು ಸಲ..." ಎಂದು ತೊಡೆ ತಟ್ಟಿದೆ. "ಆಮೇಲೆ ಸ್ವಲ್ಪ ಹೊತ್ತು ಕಾಯ್ತಾನೆ, ಯಾರನ್ನೋ ಕಾಯೋ ಹಾಗೆ. ಮತ್ತೆ ಮೂರು ಸಲ. ಆಮೇಲೆ..."

ಪಕ್ಕಕ್ಕೆ ವಾಲಿ ಬಿದ್ದು ಕಣ್ಣು ತೆರೆದಾಗ ಹೆಂಡತಿ ಲೋಟಗಳನ್ನು ನೆಲದ ಮೇಲೆ ಇಡುತ್ತಿದ್ದರು, ಮೇಜು ಎಲ್ಲಿದೆ ಎಂದು ಮರೆತವರಂತೆ.

"ಇನ್ನೊಂದು ಸಲ ಮಾಡು" ಎಂದರು.

ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಹೋದ ವಾರ ಅವರೇ ಹೇಳಿದ್ದ ಗುರುತು ಮಾತ್ರ ಆಗಲೂ ನನಗೆ ಹೊಳೆಯಲಿಲ್ಲ. ಸುಮ್ಮನೆ ಕೂತೇ ತೊಡೆಯನ್ನು ಮೂರು ಸಲ ತಟ್ಟಿದೆ.

ಅವರು ಗಂಡನ ಕಡೆ ತಿರುಗಿದರು. "ರೀ, ಇದು ಅವನು ಹಾಕ್ಕೊಂಡಿದ್ದು ತಾನೆ?"

ಮುದುಕರು ಬೊಂಬೆಯ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು.

"ಹೊರಗೆ ಬಂದು ಕುರ್ಚೀಲಿ ಕೂತಿದ್ದ, ಕೂತಲ್ಲೇ ಹೋದ ಅಂದ್ರಲ್ಲ? ಗುರುತು ಮಾಡ್ಲೇ ಇಲ್ಲ ಅಂದ್ರಲ್ಲ?"

"ನಿನಗೆ ನೋವಾಗುತ್ತೆ ಅಂತ..."

"ನೀವೆಲ್ಲಿದ್ರಿ?"

ಆಮೇಲೆ ಹೆಂಡತಿ ನನ್ನ ಕಡೆ ನೋಡದೆ "ನೀನು ಹೋಗಪ್ಪ" ಎಂದರು. ನಾನು ಬೊಂಬೆಯನ್ನು ಪೆಟ್ಟಿಗೆಗೆ ತುರುಕಿಕೊಂಡು ಮೆಟ್ಟಿಲಿಳಿದೆ. ಅಂಥ ಹೊತ್ತಿನಲ್ಲೂ ಅದರ ತೋಳು ಮುರಿಯದಂತೆ ನೋಡಿಕೊಂಡೆ ಎಂಬುದನ್ನು ಇಲ್ಲಿ ಬಿಡದೆ ಹೇಳಬೇಕು.

ಎರಡು ದಿನ ಬಿಟ್ಟು ಬೆಳಿಗ್ಗೆ ಆ ಹೆಂಡತಿ ಒಬ್ಬರೇ ನಮ್ಮ ಮನೆಗೆ ಬಂದರು. ವಿಳಾಸವನ್ನು ಕ್ಲಿನಿಕ್ಕಿನಲ್ಲಿ ಕೇಳಿಕೊಂಡಿದ್ದರು. ಅಕ್ಕ ಬಾಗಿಲು ತೆಗೆದಳು.

"ಆ ಕೆಂಡರಾಯನ ಕಂತು ನಿನ್ನ ಹತ್ರ ಇರ್ಬೇಕಲ್ಲ. ತೋರಿಸು."

"ಅಮ್ಮ, ಬೇಡ."

"ನೀನು ಎಷ್ಟು ಸಲ ನೋಡಿದ್ದೀಯ?"

ನಾನು ಕಪಾಟಿನ ಕಡೆ ನೋಡಿದೆ.

"ಅಷ್ಟು ಸಲ ನೀನು ನೋಡಬಹುದು, ನಾನು ಒಂದು ಸಲ ನೋಡಬಾರದಾ?"

ಕಂಪ್ಯೂಟರಿನಲ್ಲಿ ಹಾಕಿದೆ. ಅಕ್ಕ ಅವರ ಪಕ್ಕದಲ್ಲಿ ಕೂತಳು. ಕೆಂಪು ದೀಪ, ಹೊಗೆ, ರಟ್ಟಿನ ಬಂಡೆಗಳು. ನನಗೆ ಬಾಯಿಪಾಠವಾಗಿದ್ದ ಆ ದೃಶ್ಯದಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ಸಂಗತಿಯೂ ಉಳಿದಿರಲಿಲ್ಲ. ಕೆಂಡರಾಯ ಅಲ್ಲಿರಲಿಲ್ಲ. ರಬ್ಬರಿನೊಳಗೆ ಸಿಕ್ಕಿಕೊಂಡ ಒಬ್ಬ ಮನುಷ್ಯ ಜನ ಬರಲಿ ಎಂದು ಕಾಯುತ್ತಿದ್ದ. ಮೊದಲ ತಟ್ಟಿನಿಂದ ಬೀಳುವವರೆಗೆ ಮೂವತ್ತೆಂಟು ಸೆಕೆಂಡು.

ಮುಗಿದ ಮೇಲೆ ಅವರು ಮತ್ತೊಮ್ಮೆ ಹಾಕಿಸಿದರು. ಈ ಸಲ ನಡುವೆ ಬೆರಳು ತೋರಿಸಿದರು. "ಇದೇನು, ಮೂಲೇಲಿ?"

ಪರದೆಯ ಎಡ ಅಂಚಿನಲ್ಲಿ, ಬಂಡೆಯ ಹಿಂದಿನಿಂದ, ಒಂದು ಕಂದು ಬೂಟಿನ ತುದಿ ಕಾಣುತ್ತದೆ. ಸಂಗ್ರಹಕಾರರ ನಡುವೆ ಅದು ಹಳೆಯ ತಮಾಷೆ. ಬೆಂಕಿಯ ಗ್ರಹದಲ್ಲಿ ಬೂಟು ಪಾಲಿಶ್ ಮಾಡಿಸಿಕೊಂಡವನು ಯಾರು ಎಂದು ನಾವು ನಗುತ್ತಿದ್ದೆವು. ಮೊದಲ ಮೂರು ತಟ್ಟಿಗೆ ಆ ಬೂಟು ಅರ್ಧ ಹೆಜ್ಜೆ ಮುಂದೆ ಬರುತ್ತದೆ. ಆಮೇಲೆ ಹಿಂದಕ್ಕೆ ಸರಿಯುತ್ತದೆ.

"ಈ ಬೂಟು ನಾನೇ ಕೊಡಿಸಿದ್ದು" ಎಂದರು ಅವರು.

ಅಕ್ಕ ಅವರ ಕೈ ಹಿಡಿದುಕೊಂಡಳು. ಅವರು ಅಳಲಿಲ್ಲ. ನೀರು ಕೇಳಿ ಕುಡಿದರು, ಲೋಟವನ್ನು ತಾವೇ ತೊಳೆದಿಟ್ಟರು, ಹೊರಟರು. ಅದೇ ವಾರ ಎರಡು ಚೀಲ ತುಂಬಿಕೊಂಡು ನಗರದ ಇನ್ನೊಂದು ತುದಿಯಲ್ಲಿದ್ದ ತಂಗಿಯ ಮನೆಗೆ ಹೋಗಿಬಿಟ್ಟರು.

ಮುದುಕರು ನನ್ನನ್ನು ಬೈಯಬಹುದು, ಹೊಡೆಯಲೂಬಹುದು ಎಂದುಕೊಂಡೇ ಅವರ ಮನೆಗೆ ಹೋದೆ. ಅವರು ಬಾಗಿಲು ತೆಗೆದು ಸುಮ್ಮನೆ ಒಳಗೆ ನಡೆದರು. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಬಿಳಿಯಾಗಿ ಕಾಣುತ್ತಿತ್ತು.

"ಆ ದಿನ ಹಾಕ್ಕೋಬೇಕಾಗಿದ್ದು ನಾನೇ" ಎಂದರು. "ಮೊಣಕಾಲು ಊದಿತ್ತು. ಭಾವ, ನಾನು ಹಾಕ್ಕೋತೀನಿ, ನೀವು ಜಿಪ್ ನೋಡ್ಕೊಳ್ಳಿ ಅಂದ. ಮೈತುಂಬ ಬಲ್ಬು, ವೈರು, ಬೆರಳು ದಪ್ಪದ ರಬ್ಬರು, ಒಳಗೆ ಗಾಳೀನೇ ಆಡ್ತಿರ್ಲಿಲ್ಲ. ಮೂರನೇ ಸಲ ತೆಗೀತಿದ್ದ ದೃಶ್ಯ ಅದು. ತಟ್ಟಿದ. ನಾನು ಹೆಜ್ಜೆ ಇಟ್ಟೆ. ನಿರ್ದೇಶಕರು ಕೈ ಎತ್ತಿದ್ರು. ಅವರು ಕೈ ಎತ್ತಿದ್ರೆ ಯಾರೂ ಅಲ್ಲಾಡೋ ಹಂಗಿರ್ಲಿಲ್ಲ. ವರ್ಷಗಟ್ಟಲೆ ಆ ಕೈ ನೋಡ್ಕೊಂಡೇ ನಾನು ಅನ್ನ ತಿಂದಿದ್ದು. ಚೆನ್ನಾಗಿ ಸಾಯ್ತಿದ್ದಾನೆ, ಬಿಡಿ ಅಂದ್ರು."

"ನೀವೂ ಅಭಿನಯ ಅಂದ್ಕೊಂಡ್ರಾ ಸರ್?"

ಅವರು ಮೊಣಕಾಲು ನೀವಿಕೊಂಡರು. "ಹಾಗಂತ ಮೂವತ್ತೆರಡು ವರ್ಷ ನನಗೆ ನಾನೇ ಹೇಳ್ಕೊಂಡು ಬಂದೆ. ಅಂದ್ಕೊಂಡಿರ್ಲಿಲ್ಲ ಕಣಯ್ಯಾ. ಗೊತ್ತಿತ್ತು. ಕಟ್ ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದ್ನಾ ಅಂತ ಎಷ್ಟು ಯೋಚಿಸಿದ್ರೂ ನೆನಪಾಗಲ್ಲ."

ದೃಶ್ಯ ಚೆನ್ನಾಗಿ ಬಂದಿತ್ತೆಂದು ಅದನ್ನೇ ಪ್ರಸಾರ ಮಾಡಿದರಂತೆ. ಆಮೇಲೆ ಯಾರೋ ಹೆದರಿ ಬೊಂಬೆಯನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಂಡರಂತೆ. ಅಚ್ಚು ಒಡೆದಿರಲಿಲ್ಲ.

ನನಗೆ ಏನಾದರೂ ಮಾಡದಿದ್ದರೆ ಕೂರಲಾಗುತ್ತಿರಲಿಲ್ಲ. ಮುದುಕರ ಒಪ್ಪಿಗೆ ಪಡೆದು, ಸಂಗ್ರಹಕಾರರೆಲ್ಲ ಓದುವ ಜಾಲತಾಣದಲ್ಲಿ ನಡೆದದ್ದನ್ನು ಬರೆದೆ. ಕೆಂಡರಾಯನೊಳಗೆ ಇದ್ದವನ ಹೆಸರು, ವಯಸ್ಸು, ಮೂರು ತಟ್ಟಿನ ಅರ್ಥ. ಅಕ್ಕ ಒಂದಕ್ಷರ ತಪ್ಪಿಲ್ಲದಂತೆ ತಿದ್ದಿಕೊಟ್ಟಳು. ಇನ್ನಾದರೂ ಜನ ಆ ದೃಶ್ಯ ನೋಡಿ ಕುಣಿಯುವುದನ್ನು ಬಿಡುತ್ತಾರೆ ಎಂದು ನಂಬಿದ್ದೆ.

ವಾರದೊಳಗೆ ಸಾವಿರಾರು ಜನ ಓದಿದರು. ಹಲವರು ಮರುಗಿದರು. ಆಮೇಲೆ ನನಗೆ ಸಂದೇಶಗಳು ಬರತೊಡಗಿದವು. ನಿಮ್ಮ ಕೆಂಡರಾಯನನ್ನು ಕೊಡುವಿರಾ? ನನ್ನ ಇಡೀ ಸಂಗ್ರಹ ಕೊಡುತ್ತೇನೆ. ಒಬ್ಬ ಆ ಮೂವತ್ತೆಂಟು ಸೆಕೆಂಡುಗಳನ್ನು ಕತ್ತರಿಸಿ, ನಿಧಾನ ಮಾಡಿ, ಬೂಟಿಗೆ ಬಾಣದ ಗುರುತು ಹಾಕಿ ಹರಿಬಿಟ್ಟ. ಮೊದಲು ಸಂಗ್ರಹಕಾರರಷ್ಟೇ ಬಲ್ಲ ಬೊಂಬೆಯನ್ನು ಈಗ ಊರೂರಿನವರು ಹುಡುಕುತ್ತಿದ್ದರು. ಅಕ್ಕ ಓದಿ ಕಂಪ್ಯೂಟರು ಮುಚ್ಚಿದಳು. "ತಪ್ಪು ನಿನ್ನ ಬರವಣಿಗೇಲಿ ಇರಲಿಲ್ಲ ಬಿಡು" ಎಂದಳು. ಅವಳು ನನ್ನನ್ನು ತಿದ್ದದೆ ಬಿಟ್ಟ ಮೊದಲ ದಿನ ಅದು.

ಕೆಂಡರಾಯನನ್ನು ಪೆಟ್ಟಿಗೆಯ ಸಮೇತ ಮುದುಕರ ಹೆಂಡತಿಗೇ ಕೊಟ್ಟುಬಿಡೋಣ ಎಂದು ತಂಗಿಯ ಮನೆ ಹುಡುಕಿಕೊಂಡು ಹೋದೆ. ಅವರು ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಪೆಟ್ಟಿಗೆ ಚಾಚಿದೆ. ತೆರೆದು, ಬೊಂಬೆಯನ್ನು ಮಗುಚಿ ಬೆನ್ನು ನೋಡಿದರು. ಬೆನ್ನು ನುಣುಪಾಗಿತ್ತು, ಜಿಪ್ಪಿನ ಗೆರೆಯೂ ಇರಲಿಲ್ಲ.

"ಇದನ್ನ ಇಟ್ಕೊಂಡು ನಾನೇನು ಮಾಡ್ಲಿ? ಇದು ನನ್ನ ತಮ್ಮ ಅಲ್ಲ" ಎಂದು ವಾಪಸ್ಸು ಕೊಟ್ಟರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವರು ಕೈಯಾಡಿಸಿ ತಡೆದರು. ಒದ್ದೆ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದೆವು.

"ನಿನಗೆ ಏನಾದ್ರೂ ಮಾಡ್ಲೇಬೇಕು ಅನ್ಸಿದ್ರೆ ಒಂದು ಮಾಡು. ಪ್ರತಿ ತಿಂಗಳು ಅವರನ್ನ ಮೊಣಕಾಲಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ. ಆ ಆಸ್ಪತ್ರೆ ಮೆಟ್ಟಿಲಿಗೆ ಮನೇಲಿರೋ ಹಾಗೆ ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಅವರೊಬ್ಬರೇ ಹತ್ತಲಾರರು. ನನಗೆ ಆ ಮುಖ ನೋಡೋಕಾಗಲ್ಲ. ಹಾಗಂತ ಎಲ್ಲೋ ಬಿದ್ದು ಯಾರನ್ನೋ ಕೂಗ್ತಾ ಇರ್ಲಿ ಅಂತಾನೂ ಅನ್ಸಲ್ಲ."

ಅಂದಿನಿಂದ ತಿಂಗಳ ಮೊದಲ ಮಂಗಳವಾರ ನಾನು ಕೆಲಸಕ್ಕೆ ಅರ್ಧ ದಿನ ರಜೆ ಹಾಕುತ್ತೇನೆ. ಬೊಂಬೆಗಳೆಲ್ಲ ಟ್ರಂಕಿನಲ್ಲಿವೆ. ಮಾರಲು ಮನಸ್ಸು ಬರಲಿಲ್ಲ, ನೋಡಲೂ ಬರುವುದಿಲ್ಲ. ಕಪಾಟಿನಲ್ಲಿ ಅಕ್ಕ ಮಡಿಸಿದ ಬಟ್ಟೆ ಇಟ್ಟಿದ್ದಾಳೆ.

ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂರುತ್ತೇವೆ. ಮುದುಕರು ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಾರೆ, ಅಂಗಿಯ ಭುಜ ಜೋತುಬಿದ್ದಿದೆ. ಪ್ರತಿ ಸಲವೂ ಟೋಕನ್ ನಂಬರು ಕರೆಯುವ ಮೊದಲು ಒಮ್ಮೆ ಕೇಳುತ್ತಾರೆ: "ಏನಾದ್ರೂ ಕೇಳಿದ್ಲಾ?"

"ಇಲ್ಲ ಸರ್" ಎನ್ನುತ್ತೇನೆ. ಅದು ನಿಜ. ಅವರನ್ನು ಮನೆಗೆ ಬಿಟ್ಟು ಬೀದಿಯ ತುದಿಯಿಂದ ನಾನೇ ಅವರ ಹೆಂಡತಿಗೆ ಫೋನ್ ಮಾಡಿ ಡಾಕ್ಟರು ಹೇಳಿದ್ದನ್ನು ಒಪ್ಪಿಸುತ್ತೇನೆ. ಆಕೆ ಕೇಳಿಸಿಕೊಂಡು "ಸರಿಯಪ್ಪ" ಎಂದು ಇಟ್ಟುಬಿಡುತ್ತಾರೆ.

ಹೋದ ಮಂಗಳವಾರ ಮಾತ್ರ ಇಡಲಿಲ್ಲ. "ಊಟ ಮಾಡ್ತಾರಂತಾ?" ಎಂದರು.

ಮಾಡ್ತಾರೆ ಅಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆ ಹೆಂಗಸಿಗೆ ಸಮಾಧಾನದ ಸುಳ್ಳು ಒಮ್ಮೆ ಸಿಕ್ಕಿದ್ದು ಸಾಕು ಎನ್ನಿಸಿತು.

"ಇಲ್ಲಮ್ಮ. ಒಂದೇ ಹೊತ್ತು. ಅದೂ ಅರ್ಧ."

ಆ ಕಡೆ ಎಲ್ಲೋ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವುದು ಕೇಳುತ್ತಿತ್ತು. ಆಮೇಲೆ ನಲ್ಲಿ ನಿಲ್ಲಿಸಿದರು, ಫೋನೂ ಇಟ್ಟರು.